ಮಾವ ಬಚ್ಚಿಟ್ಟ ಹೊಟ್ಟೆನೋವು

ಯಲಹಂಕದ ಆಸ್ಪತ್ರೆಯಲ್ಲಿ ಅಮ್ಮನ ಸರದಿಗಾಗಿ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಕೈ ನಡುಗುವ ಮುದುಕರೊಬ್ಬರು, ಜೊತೆಗೆ ಅವರ ಸೊಸೆ. ಮುದುಕರ ಹೊಟ್ಟೆ ಅಂಗಿಯ ಗುಂಡಿ ಬಿಗಿಯುವಷ್ಟು ಉಬ್ಬಿತ್ತು.

"ಮಾವ, ಮೋಷನ್‌ಗೆ ಹೋಗಿ ಎಷ್ಟು ದಿನ ಆಯ್ತು?"

"ಗ್ಯಾಸು ಕಣಮ್ಮ."

"ಹೋದ ಸಲಾನೂ ಗ್ಯಾಸು ಅಂದ್ರಿ. ಕರುಳು ತಿರುಚ್ಕೊಂಡಿತ್ತು. ಪಾರ್ಕಿನ್ಸನ್ ಕಾಯಿಲೇಲಿ ಕರುಳೂ ನಿಧಾನ ಆಗುತ್ತೆ, ಹೊಟ್ಟೆ ಊದಿದ ದಿನಾನೇ ಬನ್ನಿ ಅಂತ ಡಾಕ್ಟ್ರು ಹೇಳಿರ್ಲಿಲ್ವಾ?"

"ಏಳಿದ್ರು."

"ಮತ್ತೆ?"

"ನಿಮ್ಮತ್ತೆ ಇದ್ದಿದ್ರೆ ಏಳ್ತಿದ್ದೆ. ಸೊಸೆ ಅತ್ರ ಅದನ್ನೆಲ್ಲಾ ಏಳ್ತಾರಾ?"

"ನಿಮ್ಮ ಪಂಚೆ ಒಗೆಯೋಳು ನಾನೇ ಅಲ್ವಾ?"

ಮುದುಕರು ಪಂಚೆಯ ಅಂಚನ್ನು ಮೊಣಕಾಲಿನ ಮೇಲೆ ಎಳೆದುಕೊಂಡರು.

"ಈ ಸಲ ತಡ ಆದ್ರೆ ಕರುಳು ಕೊಳ್ತೋಗುತ್ತಂತೆ. ಆಮೇಲೆ ಜೀವಕ್ಕೇ ಅಪಾಯ. ಡಾಕ್ಟ್ರ ಹತ್ರ ಆದ್ರೂ ನಿಜ ಹೇಳಿ ಮಾವ."

"ಭಾನುವಾರ ಬಾಡೂಟ ಆದ್ಮೇಲೆ ಓಗಿಲ್ಲ. ಗಾಳೀನೂ ಓಗ್ತಿಲ್ಲ."

"ಅಯ್ಯೋ ದೇವ್ರೇ! ಅವತ್ತಿಂದ ಸುಮ್ನೆ ಇದ್ರಾ?"

"ಬ್ಯಾಟರಾಯಪ್ಪ ಯಾರ್ರೀ?" ಎಂದು ನರ್ಸ್ ಕರೆದರು. ಸೊಸೆ ತೋಳು ಹಿಡಿದು ಎಬ್ಬಿಸಿದಳು. ಅವರ ಕಾಲು ತಕ್ಷಣ ಏಳಲಿಲ್ಲ.

"ವನಿತಾ, ನನ್ನ ದನಿ ಡಾಕ್ಟ್ರಿಗೆ ಕೇಳ್ಸಲ್ಲ. ನೀನೇ ಏಳ್ಬಿಡಮ್ಮ."

"ಎಲ್ಲಾನೂ?"

"ಎಲ್ಲಾನೂ. ನಾನು ಅತ್ಲಾಗೆ ತಿರುಗ್ಕೊಂಡಿರ್ತೀನಿ."