ಜೀಪಿನ ಅಡಿಯ ತಗಡು

ನಗಬೇಡಿ. ನನ್ನ ದೊಡ್ಡಮ್ಮನ ಮಗ ಪ್ರೇಮನಾಥನಿಗೆ ಆದದ್ದು ಇದು. ಎರಡನೇ ಮಹಾಯುದ್ಧ ಮುಗಿದ ಮರುವರ್ಷ. ಅವನು ಕಂಕನಾಡಿಯ ಒಂದು ಗರಾಜಿನಲ್ಲಿ ಫಿಟ್ಟರ್.

ಆ ರಾತ್ರಿ ಕೆಲಸ ಮುಗಿಸಿ ಉರ್ವದ ಮನೆಗೆ ನಡೆದು ಬರ್ತಿದ್ದ. ಬಾವಿಕಟ್ಟೆ ದಾಟುವಾಗ... ಕರ್ರ್... ಕರ್ರ್... ಕಲ್ಲಿನ ಮೇಲೆ ಕಬ್ಬಿಣ ಎಳೆದ ಹಾಗೆ. ನೋಡಿದರೆ ರಸ್ತೆಯಲ್ಲಿ ಒಬ್ಬಳು ಹೆಂಗಸು ಬೋರಲಾಗಿ ಬಿದ್ದಿದ್ದಾಳೆ.

"ಎತ್ತು ಮಗಾ..."

ಸ್ವರದಲ್ಲೇ ಗುರುತು ಸಿಕ್ಕಿತು. ಮೀನು ಮಾರುವ ಅಕ್ಕು. ಇವನು ಬಗ್ಗಿ ತೋಳಿಗೆ ಕೈ ಹಾಕಿದ.

"ನನ್ನನ್ನಲ್ಲ... ತಗಡನ್ನು ಎತ್ತು. ತಲೆಗೆ ತಾಗ್ತದೆ."

ಕೈಯಲ್ಲಿ ತೋಳಿರಲಿಲ್ಲ. ಬರೀ ಮಣ್ಣು. ಓಡಿದ.

ಬೆಳಿಗ್ಗೆ ಅಕ್ಕುವಿನ ಹೆಣ ಅದೇ ಬಾವಿಯ ಹತ್ತಿರ ತೋಡಿನಲ್ಲಿ ಸಿಕ್ಕಿತು. ತಲೆ ಒಡೆದಿತ್ತು. ಹಿಂದಿನ ಸಂಜೆಯೇ ಸತ್ತದ್ದು ಅಂದರು ಡಾಕ್ಟರು.

ಅವತ್ತೇ ಮರದ ವ್ಯಾಪಾರಿ ಲೋಕನಾಥ ಗರಾಜಿಗೆ ಜೀಪು ತಂದ. ಮಿಲಿಟರಿಯವರು ಹರಾಜು ಹಾಕಿದ್ದು. ಗೇರ್‌ಬಾಕ್ಸಿಗೆ ಕಲ್ಲು ಬಡಿಯದ ಹಾಗೆ ಅದರ ಅಡಿಯಲ್ಲಿ ಒಂದು ದಪ್ಪ ತಗಡು ಉಂಟು. ಅದು ತಗ್ಗಾಯ್ತು, ಕಾಡುದಾರಿಯಲ್ಲಿ ತಾಗ್ತದೆ, ಮೇಲೆ ಎತ್ತಿ ಕೂರಿಸು ಅಂದ.

ಪ್ರೇಮನಾಥ ಅಡಿಗೆ ನುಗ್ಗಿದ. ತಗಡಿನ ಅಂಚಿನಲ್ಲಿ ಉದ್ದ ನರೆಗೂದಲು...

"ಧಣಿ, ಎಂತ ತಾಗಿದ್ದು?"

"ಕಲ್ಲು."

"ಕಲ್ಲಿಗೆ ಕೂದಲು ಉಂಟಾ?"

ಲೋಕನಾಥ ನಕ್ಕ. "ಅದಕ್ಕೇ ಎತ್ತು ಅಂದದ್ದು ಮಾರಾಯ. ಇನ್ನು ಯಾರು ಅಡ್ಡ ಬಿದ್ದರೂ ತಾಗಬಾರದು."

ಪ್ರೇಮನಾಥನ ಹೆಂಡತಿ ತುಂಬಿದ ಬಸುರಿ, ಕೆಲಸ ಬೇಕಿತ್ತು. ಕೂದಲು ಒರೆಸಿದ. ತಗಡಿನ ಅಂಚು ಕತ್ತರಿಸಿ, ಬಡಿದು ಚಪ್ಪಟೆ ಮಾಡಿ, ಮೇಲಕ್ಕೆ ಕೂರಿಸಿದ. ಅಷ್ಟರಲ್ಲಿ ಕತ್ತಲಾಯಿತು. ಕೊನೆಯ ಬೋಲ್ಟು ಬಿಗಿದು ಸ್ಪ್ಯಾನರ್ ಕೆಳಗಿಡುವಾಗ... ಕಿವಿಯ ಬುಡದಲ್ಲೇ ಉಸಿರು.

"ಇನ್ನೂ ಸ್ವಲ್ಪ ಮಗಾ..."

"ಆಗುವುದಿಲ್ಲ ಅಕ್ಕಾ. ಮೇಲೆ ಗೇರ್‌ಬಾಕ್ಸ್ ಉಂಟು."

"ಹಾಗಾದರೆ ನೀನೇ ನೋಡು... ತಾಗ್ತದಾ ಅಂತ."

ಕರ್ರ್...

ಒಬ್ಬನೇ ಮನೆಗೆ ಬರಲಿಕ್ಕೆ ಅವನಿಗೆ ಹೆದರಿಕೆ ಅಂತ ಆ ರಾತ್ರಿ ನಾನು ಜೊತೆಗೆ ಬರಲು ಗರಾಜಿಗೆ ಹೋಗಿದ್ದೆ. ಬೊಬ್ಬೆ ಕೇಳಿ ಕಾಲು ಹಿಡಿದು ಹೊರಗೆ ಎಳೆದೆ. ಮುಖದ ಎಡಭಾಗ ಜಜ್ಜಿ ಹೋಗಿತ್ತು. ಬದುಕಿದ, ಒಂದೇ ಕಣ್ಣಿನಲ್ಲಿ. ಲೋಕನಾಥ ಬಂದು, ನೆಲದ ರಕ್ತ ದಾಟಿ ನಿಂತು, ಕೇಳಿದ್ದು ಒಂದೇ ಮಾತು: "ಬೋಲ್ಟು ಬಿಗಿ ಆಯ್ತಾ?" ಮುದುಕನಾಗುವವರೆಗೂ ಆ ಜೀಪು ಓಡಿಸಿದ. ಅವನ ಮೈಗೆ ಒಂದು ಗೀರೂ ಆಗಲಿಲ್ಲ.

ಬಿಗಿ ಆಗಿತ್ತು, ಹೌದು. ಜೀಪು ಮರದ ತುಂಡುಗಳ ಮೇಲೆ ಅಲುಗದೆ ನಿಂತಿತ್ತು. ತಗಡು ಕೂರಿಸಿದಲ್ಲೇ ಇತ್ತು. ಅದಕ್ಕೂ ನೆಲಕ್ಕೂ ನಡುವೆ ಒಂದು ಮೊಳ ಜಾಗ... ದೇವರಾಣೆ, ನಾನೇ ಕೈ ಹಾಕಿ ನೋಡಿದ್ದೇನೆ.