ತುಂಡುಗುತ್ತಿಗೆಯವರ ಆಳೂ ನನ್ನ ಆಳೇ

ಇಲ್ಲಿ ಸೇರಿರುವ ಎಲ್ಲರಿಗೂ ಕೈಮುಗಿದೆ. ಮುಂದಿನ ಸಾಲಲ್ಲಿ ಕೂತಿರುವ, ತೀರಿಹೋದ ನಮ್ಮ ಗುತ್ತಿಗೆದಾರ ಯಜಮಾನರ ಮನೆಯ ಅಮ್ಮಾವ್ರಿಗೆ, ಮಗಳಿಗೆ, ಅಳಿಯನಿಗೆ ಬೇರೆಯಾಗಿ ಇನ್ನೊಂದು ಸಲ ಮುಗಿದೆ. ಹಿಂದೆ ಗೋಡೆಗೆ ಒರಗಿ ನಿಂತಿರೋ ಗಾರೆಯವರು, ಕಬ್ಬಿಣ ಕಟ್ಟೋರು, ಬಣ್ಣದವರು — ಮುಂದೆ ಬನ್ನಿ. ಕುರ್ಚಿ ಕಚ್ಚಲ್ಲ.

ನನ್ನನ್ನ ಯಾಕೆ ಮಾತಾಡೋಕೆ ಕರೆದರೋ ಕಾಣೆ. ಓದಿದ್ದು ಮೂರನೇ ಕ್ಲಾಸು, ಅದನ್ನೂ ಎರಡು ಸಲ. ಆದರೆ ನಮ್ಮ ಯಜಮಾನರು ಕಟ್ಟಡ ಕಟ್ಟೋ ಕಡೆಯಲ್ಲೆಲ್ಲ ಇಪ್ಪತ್ತೆರಡು ವರ್ಷ ಗೇಟಲ್ಲಿ ಕೂತವಳು ನಾನು. ನನ್ನ ಮೊಮ್ಮಗಳು, "ಅಜ್ಜಿ, ಬರೆದುಕೊಂಡು ಹೋಗು, ಇಲ್ಲದಿದ್ರೆ ಯಾರಿಗಾದ್ರೂ ಬೈದುಬಿಡ್ತೀಯ" ಅಂದಳು. ಬರೆದುಕೊಂಡು ಬಂದಿದೀನಿ. ಬೈಗುಳಾನೂ ಬರೆದುಕೊಂಡೇ ಬಂದಿದೀನಿ.

ಮೊದಲೇ ಹೇಳ್ತೀನಿ — ಅಳುಮುಂಜಿ ಮುಖ ಬೇಡ. ಎಪ್ಪತ್ತಾರು ವರ್ಷ ಬಾಳಿದ ಮನುಷ್ಯ. ಬೆಳಗ್ಗೆ ಎದ್ದು, ಟೈಲ್ಸ್ ಗುತ್ತಿಗೆಯವನಿಗೆ ಫೋನಲ್ಲಿ, "ನಿನ್ನವರು ಕಣ್ಣಿಗೆ ಏನೂ ಹಾಕದೆ ಕಲ್ಲು ಕೊಯ್ತಿದಾರಲ್ಲೋ, ನಿನಗೆ ಕಣ್ಣಿಲ್ವಾ?" ಅಂತ ಬಾಯಿತುಂಬ ಬೈದು, ಕುರ್ಚಿಗೆ ಒರಗಿದರು. ಮತ್ತೆ ಏಳಲಿಲ್ಲ. ಆ ಟೈಲ್ಸಿನವನು ಇಲ್ಲೇ ಕೂತಿದ್ದಾನೆ. ತಲೆ ಯಾಕೆ ತಗ್ಗಿಸ್ತೀಯೋ? ಕೊನೇ ಬೈಗುಳ ತಿಂದ ಪುಣ್ಯವಂತ ನೀನು!

ಬೆನ್ನ ಹಿಂದೆ ನಾವು ಅವರನ್ನ ಜಗ್ಗಪ್ಪ ಅಂತಿದ್ವಿ. ಅಮ್ಮಾವ್ರು ನಗ್ತಿದಾರೆ — ಅಂದರೆ ಮನೇಲೂ ಗೊತ್ತಿತ್ತು! ಕಂಡದ್ದನ್ನೆಲ್ಲ ಹೀಗೆ — ಹೀಗೆ — ಎರಡು ಸಲ ಜಗ್ಗಿ ನೋಡೋರು. ಹತ್ತಿ ನಿಂತು ಕೆಲಸ ಮಾಡೋ ಸಾರುವೆಯ ಹಗ್ಗ, ಏಣಿ, ಎತ್ತರದಿಂದ ಬೀಳದ ಹಾಗೆ ಕಟ್ಟೋ ಸೊಂಟದ ಬೆಲ್ಟು. ಒಂದು ಸಲ ಇಂಜಿನಿಯರ್ ಸಾಹೇಬರ ಟೈಯನ್ನೇ ಜಗ್ಗಿ, "ತಪ್ಪು ತಿಳೀಬೇಡಿ, ಕೈ ಅಭ್ಯಾಸ" ಅಂದಿದ್ದರು.

ಈಗ ಒಂದು ಆಸ್ಪತ್ರೆ ಕಟ್ಟಿದಾಗಿನ ಮಾತು.

ಸರ್ಕಾರದ ದುಡ್ಡಿನ ಕಟ್ಟಡ. ಅದಕ್ಕೊಂದು ಕಟ್ಟುಪಾಡು — ಎತ್ತರಕ್ಕೆ ಹತ್ತೋ ಪ್ರತಿಯೊಬ್ಬನಿಗೂ ತರಬೇತಿ ಆಗಿರಬೇಕು, ಕೈಯಲ್ಲಿ ಕಾರ್ಡು ಇರಬೇಕು. ಅವನು ತುಂಡುಗುತ್ತಿಗೆಯವನ ಆಳಾಗಿರಲಿ, ಆ ತುಂಡಿನಲ್ಲೂ ತುಂಡು ಹಿಡಿದವನ ಆಳಾಗಿರಲಿ, ಕೇಳೋದು ಮಾತ್ರ ದೊಡ್ಡ ಗುತ್ತಿಗೆದಾರನನ್ನ, ಅಂದರೆ ನಮ್ಮ ಯಜಮಾನರನ್ನ. ಕಾರ್ಡು ನೋಡಿ ಒಳಗೆ ಬಿಡೋ ಕೆಲಸ ನನ್ನದು.

ಹೇಗೆ ನೋಡ್ತಿದ್ದೆ? ಈಗ ಹೇಳೋಕೆ ಏನು ಭಯ — ಸೀಲು ನೋಡ್ತಿದ್ದೆ. ನೇರಳೆ ಸೀಲು ಇದೆಯಾ? ಹೋಗು. ಇಲ್ವಾ? ನಡಿ ಮನೆಗೆ. ಫೋಟೋ ಕಡೆ ತಿರುಗಿಯೂ ನೋಡ್ತಿರಲಿಲ್ಲ. ಫೋಟೋದಲ್ಲಿ ಎಲ್ಲರದ್ದೂ ಒಂದೇ ಥರ ಹೆದರಿದ ಮುಖ!

ಒಂದು ದಿನ ಗಾರೆ ಗುತ್ತಿಗೆಯವನು ಬೇರೆ ಯಾರ ಹತ್ತಿರವೋ ಒಂಬತ್ತು ಜನರನ್ನ ತರಿಸಿದ. ಒಂಬತ್ತು ಕಾರ್ಡು, ಒಂಬತ್ತು ನೇರಳೆ ಸೀಲು. ಬಿಟ್ಟೆ. ಅವರು ಸಾರುವೆ ಹತ್ತೋ ಹೊತ್ತಿಗೆ ಸರ್ಕಾರದ ಕಡೆಯಿಂದ ತಪಾಸಣೆಗೆ ಒಬ್ಬರು ಮೇಡಂ ಬಂದರು. ಒಬ್ಬನ ಕಾರ್ಡು ಈಸಿಕೊಂಡರು. ಫೋಟೋದಲ್ಲಿ ಇಷ್ಟು ದಪ್ಪ ಮೀಸೆ. ಎದುರಿಗೆ ನಿಂತವನಿಗೆ ಒಂದು ಕೂದಲೂ ಇಲ್ಲ.

"ಮೀಸೆ ಎಲ್ಲಪ್ಪಾ?"

"ಬೋಳಿಸಿದೆ ಮೇಡಂ."

"ಹಣೆ ಮೇಲಿನ ಗಾಯ?"

"ಅದನ್ನೂ ಬೋಳಿಸಿದೆ ಮೇಡಂ."

ನಗಬೇಡಿ! ಆವತ್ತು ನನಗೆ ನಗು ಬರಲಿಲ್ಲ. ಒಂಬತ್ತೂ ಬೇರೆಯವರ ಕಾರ್ಡು. ಆ ಒಂಬತ್ತು ಜನ ಜೀವಮಾನದಲ್ಲಿ ಬೆಲ್ಟು ಕಟ್ಟಿದವರಲ್ಲ. ನಮ್ಮ ಮನೇಲಿ ದುಡಿಯೋ ಕೈ ನನ್ನದೊಂದೇ, ಅದು ಹೋಯಿತು ಅಂದುಕೊಂಡೆ. ಯಜಮಾನರ ಪಾಡು ಇನ್ನೂ ಕಷ್ಟ — ಸರ್ಕಾರಿ ಗುತ್ತಿಗೆದಾರರ ಪಟ್ಟಿಯಿಂದ ಹೆಸರು ಹೊಡೆದರೆ ಮತ್ತೆ ಸರ್ಕಾರದ ಒಂದು ಇಟ್ಟಿಗೆಯನ್ನೂ ಮುಟ್ಟೋ ಹಾಗಿಲ್ಲ.

ಗಾರೆಯವನು ಮೊದಲು ಬಾಯಿ ಬಿಟ್ಟ. "ಇವರು ನನ್ನ ಆಳಲ್ಲ ಮೇಡಂ, ಬೇರೆಯವನ ಆಳು. ಒಳಗೆ ಬಿಟ್ಟವಳು ಈ ಮುದುಕಿ." ನನಗಿನ್ನೂ ಐವತ್ತೈದು ಆಗ! ಉತ್ತರ ಕೊಡೋಣ ಅನ್ನೋಷ್ಟರಲ್ಲಿ ಯಜಮಾನರು ನಡುವೆ ಬಂದು ನಿಂತರು.

"ಬರ್ಕೊಳ್ಳಿ ಮೇಡಂ. ಗೇಟು ನನ್ನದು. ಗೇಟಲ್ಲಿ ಕೂತ ಅಕ್ಕ ನನ್ನವಳು. ಆ ಒಂಬತ್ತು ಜನ ನನ್ನವರು. ಈ ಬಾಯಿಬಡುಕನೂ, ಏನು ಮಾಡ್ಲಿ, ನನ್ನವನೇ. ನೋಡಬೇಕಾಗಿದ್ದವನು ನಾನು. ನೋಡಲಿಲ್ಲ."

ಮೇಡಂ ಬರೆದುಕೊಂಡರು. ಕೆಲಸ ನಿಲ್ಲಿಸಿದರು. ಹನ್ನೆರಡು ದಿನದಲ್ಲಿ ಸರಿಮಾಡದಿದ್ರೆ ಹೆಸರು ಹೊಡೀತೀವಿ ಅಂದರು.

ಅವರು ಹೋದ ಮೇಲೆ ಯಜಮಾನರು ನನ್ನ ಕಡೆ ತಿರುಗಿದರು. ಮುಗೀತು ಅಂದುಕೊಂಡೆ. "ಅಕ್ಕಾ, ಸೀಲು ಯಾರು ಬೇಕಾದ್ರೂ ಒತ್ತಬಹುದು. ಇನ್ಮೇಲೆ ಕಾರ್ಡಿನ ಜೊತೆ ಆಳನ್ನೂ ನೋಡು. ಕೈಗೆ ಬೆಲ್ಟು ಕೊಟ್ಟು, ಕಟ್ಟಿ ತೋರ್ಸು ಅನ್ನು."

"ನನಗೇ ಕಟ್ಟೋಕೆ ಬರಲ್ವಲ್ಲ ಯಜಮಾನ್ರೇ!"

"ಹಾಗಾದ್ರೆ ನಿನ್ನಿಂದಲೇ ಶುರು."

ಅಯ್ಯೋ, ಆ ಹನ್ನೆರಡು ದಿನ! ತರಬೇತಿ ಮಾಸ್ತರು ಬಂದರು. ನಾನು ಬೆಲ್ಟು ಕಟ್ಟಿಕೊಂಡು ತೊಲೆಗೆ ಕುಂಬಳಕಾಯಿ ಹಾಗೆ ನೇತಾಡಿದೆ. ಒಂಬತ್ತು ಜನ ನೇತಾಡಿದರು. ಯಜಮಾನರೂ ನೇತಾಡಿದರು — ಬೆಲ್ಟು ಗಟ್ಟಿಯಾಗಿ ನಿಂತಿತು, ಪ್ಯಾಂಟು ನಿಲ್ಲಲಿಲ್ಲ. ಕೊನೆಗೆ ಆ ಗಾರೆ ಗುತ್ತಿಗೆಯವನನ್ನ ನೇತುಹಾಕಿ, "ಈಗ ಹೇಳು, ಇವರು ಯಾರ ಆಳು?" ಅಂದರು. "ನಮ್ಮವರು, ನಮ್ಮವರು, ಇಳಿಸಿ!" ಅಂತ ಕಿರುಚಿದ.

ಹನ್ನೆರಡನೇ ದಿನ ಮೇಡಂ ಬಂದರು. ಅದೇ ಮೀಸೆಯಿಲ್ಲದವನು ಬೆಲ್ಟು ಕಟ್ಟಿ, ಎರಡು ಸಲ ಜಗ್ಗಿ ತೋರಿಸಿದ. "ನೀನು ಯಾರ ಕೈಕೆಳಗೆ ಕೆಲಸ ಮಾಡ್ತೀಯ?" ಅಂತ ಕೇಳಿದರು. ಅವನು ಆ ಕಡೆ ಈ ಕಡೆ ನೋಡಿದ. "ಕಾಗದದಲ್ಲಿ ಯಾರ ಹೆಸರಿದೆಯೋ ಗೊತ್ತಿಲ್ಲ ಮೇಡಂ. ನಾನು ಜಾರಿದ್ರೆ ಮೊದಲು ಓಡಿ ಬರೋರು ಇವರು" ಅಂತ ಯಜಮಾನರ ಕಡೆ ಕೈ ತೋರಿಸಿದ. ಮೇಡಂ ಸಹಿ ಹಾಕಿದರು. ಕೆಲಸ ಶುರುವಾಯಿತು.

ಈಗ ಇಲ್ಲಿ ಕೂತು ಲೆಕ್ಕ ಹಾಕ್ತಿದ್ದೆ. ಆಮೇಲೆ ಎಷ್ಟು ಶಾಲೆ, ಎಷ್ಟು ಕಚೇರಿ, ಎಷ್ಟು ಸಾವಿರ ಜನ ಹತ್ತಿ ಇಳಿದರು. ಅವರಲ್ಲಿ ಬಿದ್ದು ಸತ್ತ ಅಂತ ಒಬ್ಬನಿಗಾಗಿಯಾದರೂ ನಾವು ಹೀಗೆ ಫೋಟೋ ಇಟ್ಟು ಸಭೆ ಸೇರಿದ್ದುಂಟಾ? ಇಲ್ಲ. ಇದೇ ಮೊದಲನೇದು. ಅದನ್ನೂ ಪುಣ್ಯಾತ್ಮರು ತಮ್ಮ ಮೇಲೇ ಹಾಕಿಕೊಂಡರು.

ಏಳಿ ಎಲ್ಲರೂ. ದೊಡ್ಡ ಗುತ್ತಿಗೆ, ತುಂಡುಗುತ್ತಿಗೆ ಅನ್ನೋ ಭೇದ ಬೇಡ, ಒಂದೇ ಸಾಲಲ್ಲಿ ನಿಲ್ಲಿ. ಆ ಒಂಬತ್ತು ಜನಾನೂ ಬಂದಿದಾರೆ, ಅವರಿಗೂ ಜಾಗ ಬಿಡಿ. ಎರಡು ನಿಮಿಷ ಯಾರೂ ಮಾತಾಡೋದು ಬೇಡ. ಅದು ಎಲ್ಲರಿಗಿಂತ ಕಷ್ಟ ನನಗೇ — ಆದರೂ, ಯಜಮಾನ್ರೇ, ನಿಮಗಾಗಿ ಬಾಯಿ ಮುಚ್ಚಿದೆ.