ಲೈನಿನವರು ಬೆನ್ನು ತಿರುಗಿಸಿದ ವಿಚಾರ

ನನ್ನ ಹೆಸರು ಭದ್ರಮ್ಮ, ಗಂಡ ಕುಳ್ಳಯ್ಯ, ವಯಸ್ಸು ಸುಮಾರು ನಲವತ್ತೈದು, ಕಸುಬು ಕಾಫಿ ತೋಟದ ಕೂಲಿ, ವಾಸ ಹಾನುಬಾಳು ಹತ್ತಿರದ ಎಸ್ಟೇಟಿನ ಕೂಲಿಮನೆಗಳ ಸಾಲು, ಅಂದರೆ ಲೈನು. ನಾಯಿಯ ಮೇಲಿನ ದೂರಿನ ಬಗ್ಗೆ ಪೊಲೀಸ್ ದಫೇದಾರರು ಕೇಳಿದ್ದಕ್ಕೆ ಈ ಮೂಲಕ ತಿಳಿಸುವುದೇನೆಂದರೆ:

ಕೆಂದ ಎಂಬ ನಾಯಿ ನಮ್ಮದೇ. ಅದನ್ನು ಮರಿಯಿಂದ ಸಾಕಿದವಳು ನನ್ನ ಮಗಳು ತಾಯಮ್ಮ. ಗೌರಿಹಬ್ಬ ಕಳೆದ ಮೇಲೆ ಅವಳು ಚೊಚ್ಚಲ ಹೆರಿಗೆಗೆಂದು ಗಂಡನ ಊರು ಪಾಳ್ಯದಿಂದ ಬಂದಳು. ಲೈನಿಗೆ ಕಾಲಿಡುತ್ತಿದ್ದಂತೆ ನಾಯಿ ಸಂತೋಷಕ್ಕೆ ಎದೆಯೆತ್ತರ ಹಾರಿ ಅವಳನ್ನು ಕೆಡವಿತು. ದೇವರು ದೊಡ್ಡವನು, ಏನೂ ಆಗಲಿಲ್ಲ. ನನ್ನ ಗಂಡ ಅದನ್ನು ಹೊಂಗಡಹಳ್ಳದ ಆಚೆ ಬಿಟ್ಟು ಬರುವೆನೆಂದು ಹಗ್ಗ ತಂದರು. ಮಗಳು ಅಡ್ಡ ನಿಂತು, "ಅದುನ್ನ ಬುಟ್ಬಂದ್ರೆ ನಾನೂ ಒಂಟೋಯ್ತೀನಿ ಕಣಪ್ಪ" ಎಂದು ಅತ್ತಳು.

ಬಯ್ದರೂ ಹೊಡೆದರೂ ಅದು ಆಟವೆಂದೇ ತಿಳಿದು ಇನ್ನಷ್ಟು ಹಾರುತ್ತಿತ್ತು. ಮಾತಾಡಿಸದೆ ಬೆನ್ನು ತಿರುಗಿಸಿದರೆ ಮಾತ್ರ ಪೆಚ್ಚಾಗಿ ಕೆಳಗಿಳಿಯುತ್ತಿತ್ತು. ಆಗ ಒಂದು ಚೂರು ರೊಟ್ಟಿ ಕೊಡುತ್ತಿದ್ದೆವು. ಹಾರಿದಾಗ ಒಬ್ಬರು ಮುದ್ದಿಸಿದರೂ ಕಲಿತದ್ದೆಲ್ಲ ಹಾಳು. ಆದ್ದರಿಂದ ಕೆಂದ ಯಾರ ಮೇಲೆ ಹಾರಿದರೂ ಎಲ್ಲರೂ ಬೆನ್ನು ತಿರುಗಿಸಬೇಕೆಂದು ಲೈನಿನವರು ಒಪ್ಪಿಕೊಂಡೆವು.

ಕಳೆದ ಸೋಮವಾರ ಬೆಳಿಗ್ಗೆ ತೋಟದ ರೈಟರ್ ಗಿಡ್ಡಯ್ಯನವರು ಕೆಲಸ ಹಂಚಲು ಬಂದಾಗ ಕೆಂದ ಅವರ ಬಿಳಿ ಪಂಚೆಯ ಮೇಲೆ ಕೆಸರು ಕಾಲಿಟ್ಟು ಹಾರಿತು. ನಾವೆಲ್ಲ ಒಟ್ಟಿಗೆ ಬೆನ್ನು ತಿರುಗಿಸಿದೆವು. ಅವರು "ಏನ್ರೋ, ಸ್ಟ್ರೈಕಾ ನಿಮ್ದು?" ಎಂದು ಕೂಗಿದರು. ನಾಯಿ ಇಳಿಯುವ ತನಕ ಮಾತಾಡುವಂತಿಲ್ಲವಾದ್ದರಿಂದ ಯಾರೂ ಉತ್ತರ ಕೊಡಲಿಲ್ಲ. ಪಕ್ಕದ ಮನೆಯ ಕೆಂಚಮ್ಮ ಕಿಸಕ್ಕೆಂದು ನಕ್ಕದ್ದು ನಿಜ. ನಾಯಿ ಛೂ ಬಿಟ್ಟು ಅವಮಾನ ಮಾಡಿದೆವೆಂಬುದು ಶುದ್ಧ ಸುಳ್ಳು. ಅವರೂ ಒಂದು ಸಲ ತಿರುಗಿ ನಿಂತಿದ್ದರೆ ಇಷ್ಟು ರಾದ್ಧಾಂತವೇ ಇರುತ್ತಿರಲಿಲ್ಲ. ಕೆಂದನಿಗೆ ಗುಂಡು ಹಾಕಿಸಬೇಕೆಂದು ಅವರು ದೂರು ಕೊಟ್ಟಿರುವುದು ನಮಗೆ ಆಮೇಲೆ ತಿಳಿಯಿತು.

ಈ ದಿನ ಬೆಳಗಿನ ಜಾವ ತಾಯಮ್ಮನಿಗೆ ಹೆಣ್ಣು ಮಗುವಾಗಿದೆ. ಮಗುವಿನ ಅಳು ಕೇಳಿ ಕೆಂದ ಒಳಗೆ ನುಗ್ಗಿತು. ಮಗು ನನ್ನ ಕೈಯಲ್ಲಿತ್ತು, ಎದೆಗವಚಿಕೊಂಡೆ. ಬೆನ್ನು ತಿರುಗಿಸಬೇಕೆಂಬುದು ನಮ್ಮಲ್ಲಿ ಒಬ್ಬರಿಗೂ ನೆನಪಾಗಲಿಲ್ಲ. ಆದರೂ ಅದು ನಾಲ್ಕೂ ಕಾಲು ನೆಲದ ಮೇಲಿಟ್ಟು, ಮೈಯೆಲ್ಲ ನಡುಗಿಸುತ್ತ ನಿಂತೇ ಇತ್ತು. ಬಾಣಂತಿ ಮಲಗಿದಲ್ಲಿಂದಲೇ, "ನನ್ ಬಂಗಾರ, ಕಲ್ತ್‌ಬುಟ್ಟೆ ಕಣೋ" ಎಂದಳು. ನನಗೆ ಅಳು ತಡೆಯಲಾಗಲಿಲ್ಲ.

ಗುಂಡು ಹಾಕುವ ಮೊದಲು ದಫೇದಾರರು ಒಂದು ಸಲ ಲೈನಿಗೆ ಬಂದು ನೋಡಬೇಕು. ಹೊಸಬರನ್ನು ಕಂಡು ಅದು ಮೇಲೆ ಹಾರಿದರೆ, ಬಯ್ಯದೆ ಬೆನ್ನು ತಿರುಗಿಸಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇದನ್ನು ನನಗೆ ಓದಿ ಹೇಳಿದರು. ನಾನು ಹೇಳಿದಷ್ಟೇ ಇದೆ, ಎಲ್ಲವೂ ಸತ್ಯ.

ಸ್ಥಳ: ಹಾನುಬಾಳು
ತಾ: 9-11-1961
ಭದ್ರಮ್ಮನ ಎಡಗೈ ಹೆಬ್ಬೆಟ್ಟಿನ ಗುರುತು